ನೆರೆಯಲ್ಲಿ ನೆನೆದ ಹಳೆಯ ಮನೆಯನ್ನು ಯಾರಿಗೆ ಒಪ್ಪಿಸಬೇಕು: ಗುತ್ತಿಗೆದಾರ, ಗೌಂಡಿ, ಎಂಜಿನಿಯರ್

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗದ ಸುತ್ತಲಿನ ಮಲಪ್ರಭೆಯ ದಂಡೆಗಳನ್ನು ಮುಳುಗಿಸಿದಾಗ ಹೆಚ್ಚು ನೊಂದದ್ದು ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆಯ ಮನೆಗಳು. ಅಂಥದೊಂದು ಮನೆ ನಮ್ಮದು. ಅದರ ದುರಸ್ತಿಯಲ್ಲಿ ಮೂರು ಬಗೆಯವರ ಕೆಲಸವನ್ನೂ ಹತ್ತಿರದಿಂದ ನೋಡಿದ್ದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಗುತ್ತಿಗೆದಾರರು ಚದರ ಅಡಿಯ ದರ ಹೇಳಿ, ಬೇಗ ಬಂದು, ಒಪ್ಪಿದ ದಿನಕ್ಕೆ ಮುಗಿಸಿದರು. ವೈರಿಂಗ್ ಮತ್ತು ಶೌಚಾಲಯದ ಕೆಲಸದಲ್ಲಿ ಅವರ ಮೇಲೆ ಯಾವ ದೂರೂ ಇಲ್ಲ. ಆದರೆ ಪಡಸಾಲೆಯ ಗೋಡೆ ಒಳಗೆ ಇನ್ನೂ ಹಸಿಯಾಗಿರುವಾಗಲೇ ಅವರು ಅದಕ್ಕೆ ಸಿಮೆಂಟ್ ಗಿಲಾವು ಮಾಡಿದರು. ಮಣ್ಣಿನ ಗೋಡೆ ತನ್ನ ತೇವವನ್ನು ಮೈಯಿಂದಲೇ ಹೊರಬಿಡಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚಿದ್ದರಿಂದ ಬೇಸಿಗೆಯ ಹೊತ್ತಿಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಮೇಲೆದ್ದು, ಗಿಲಾವು ಹಲಗೆ ಹಲಗೆಯಾಗಿ ಕಳಚಿತು.

ಊರಿನ ಹಿರಿಯ ಗೌಂಡಿ ಬಂದವರೇ ಕರಣಿಯ ಹಿಡಿಕೆಯಿಂದ ಗೋಡೆಯನ್ನು ಅಡಿಯಿಂದ ಮೇಲಕ್ಕೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿದರು. ಅಷ್ಟು ಭಾಗವನ್ನು ಮಾತ್ರ ಬಿಚ್ಚಿ, ಕಲ್ಲುಗಳನ್ನು ಮರಳಿ ಕೂಡಿಸಿ, ಗೋಡೆ ಆರಿದ ಮೇಲೆ ಸುಣ್ಣದ ಗಚ್ಚಿನಿಂದ ಮುಗಿಸಿದರು. ಅವರು ಮುಟ್ಟಿದ ಗೋಡೆಗಳು ಇಂದಿಗೂ ಗಟ್ಟಿಯಾಗಿವೆ. ಪಾಯದ ವಿಷಯದಲ್ಲಿ ಮಾತ್ರ ಅವರ ಅನುಭವ ಸಾಲಲಿಲ್ಲ. ಮೂಲೆಯ ಓರೆ ಬಿರುಕನ್ನೂ ಕೂಡಲೇ ತುಂಬಿಬಿಡೋಣ ಎಂದರು.

ಆ ಬಿರುಕಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿ, ಮೇಲೆ ತಾರೀಖು ಬರೆದು, ಕಾಯಲು ಹೇಳಿದರು. ನಮ್ಮದು ಎರೆಮಣ್ಣಿನ ನೆಲ. ನೀರು ಕುಡಿದಾಗ ಹಿಗ್ಗಿ, ಒಣಗುವಾಗ ಕುಗ್ಗುವುದರಿಂದ ನೆರೆ ಇಳಿದ ಎಷ್ಟೋ ದಿನಗಳ ನಂತರವೂ ಗೋಡೆ ಸರಿಯುತ್ತಿರುತ್ತದೆ. ಕೆಳಗಿನ ಪಟ್ಟಿ ಒಡೆಯಿತು, ಅಂದರೆ ಗೋಡೆ ಇನ್ನೂ ಸರಿಯುತ್ತಿತ್ತು. ಅದರ ಬದಲಿಗೆ ಆಮೇಲೆ ಹಾಕಿದ ಪಟ್ಟಿ ಒಡೆಯದೆ ಹಾಗೆಯೇ ಉಳಿಯಿತು, ಅಂದರೆ ಸರಿಯುವುದು ನಿಂತಿತ್ತು. ಆಗಲೇ ಅವರು ಪಾಯದ ಆ ಮೂಲೆಯನ್ನು ಬಲಪಡಿಸಲು ನಕ್ಷೆ ಕೊಟ್ಟರು.

ಪದವಿಯೊಂದನ್ನೇ ನೋಡಿ ಎಂಜಿನಿಯರ್‌ರನ್ನು ಆರಿಸಬಾರದು. ಇವರಿಗಿಂತ ಮೊದಲು ಕೇಳಿದವರೊಬ್ಬರು ಫೋಟೊ ನೋಡಿಯೇ ಇಡೀ ಮನೆಯನ್ನು ಕೆಡವಲು ಹೇಳಿದ್ದರು. ಕಲ್ಲು-ಮಣ್ಣಿನ ಗೋಡೆಯನ್ನು ಹಿಂದೆ ಎಲ್ಲಿ ಸರಿಪಡಿಸಿದ್ದೀರಿ ಎಂದು ಕೇಳಿ, ಸಾಧ್ಯವಾದರೆ ಹೋಗಿ ನೋಡಬೇಕು. ಸರ್ಕಾರದವರು ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುವುದು ಪರಿಹಾರದ ಮೊತ್ತಕ್ಕಾಗಿ. ಅದನ್ನೇ ದುರಸ್ತಿಯ ಸಲಹೆಯೆಂದು ತಿಳಿದು ಗಟ್ಟಿ ಗೋಡೆಗಳನ್ನು ಕೆಡವಿಸಿದವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ.

ಆದ್ದರಿಂದ ಮೊದಲು ಎಂಜಿನಿಯರ್‌ಗೆ ಪರಿಶೀಲನೆಯ ಶುಲ್ಕವನ್ನಷ್ಟೇ ಕೊಟ್ಟು ಸಹಿ ಮಾಡಿದ ವರದಿ ಪಡೆಯಿರಿ. ಕಟ್ಟುವ ಕೆಲಸದಲ್ಲಿ ಅವರಿಗೆ ಪಾಲಿಲ್ಲದಿದ್ದರೆ ಮಾತು ನೇರವಾಗಿರುತ್ತದೆ. ಗೋಡೆಗಳು ಗೌಂಡಿಯ ಕೈಯಲ್ಲಿರಲಿ. ವೈರಿಂಗ್, ಕಾಂಕ್ರೀಟು, ಕೊಳಾಯಿಗಳನ್ನು ಗುತ್ತಿಗೆದಾರರಿಗೆ ಬಿಡಿ, ಮತ್ತು ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಿ.