ಥಾನಿನಿಂದ ಅಂಗಡಿಯವರೆಗೆ: ಒಂದು ಸರಬರಾಜು ಸೇವೆಯ ವಿಮರ್ಶೆ

ಜಯನಗರದಲ್ಲಿ ಹತ್ತಿ ಕುರ್ತಾಗಳ ಚಿಕ್ಕ ಮಳಿಗೆ ನಡೆಸುವ ನಾನು, ಬಟ್ಟೆಯ ಖರೀದಿಯಿಂದ ಹಿಡಿದು ಹೊಲಿದ ಮಾಲು ಅಂಗಡಿ ಸೇರುವವರೆಗಿನ ಹೊಣೆಯನ್ನು ಎಂಟು ತಿಂಗಳಿಂದ ಬೊಮ್ಮನಹಳ್ಳಿ ಕಡೆಯ ಒಂದು ಸರಬರಾಜು ನಿರ್ವಹಣಾ ಸಂಸ್ಥೆಗೆ ವಹಿಸಿದ್ದೇನೆ. ಮೊದಲು ಚಿಕ್ಕಪೇಟೆಯಲ್ಲಿ ಥಾನು ಆರಿಸುವುದು, ಬಣ್ಣದ ಘಟಕಕ್ಕೆ ಕಳಿಸುವುದು, ಕಟಿಂಗ್ ಮಾಸ್ಟರ್‌ಗಾಗಿ ಕಾಯುವುದು ಎಲ್ಲವೂ ನನ್ನದೇ ಆಗಿತ್ತು. ಗುಂಡಿ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಹೊಲಿದಿಟ್ಟ ಮಾಲು ವಾರಗಟ್ಟಲೆ ಮೂಟೆಯಲ್ಲೇ ಉಳಿದದ್ದೂ ಉಂಟು.

ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ್ದು ತಪಾಸಣೆಯನ್ನು. ಮೊದಲ 600 ಕುರ್ತಾ ಸಿದ್ಧವಾದಾಗ ನನ್ನನ್ನು ಕರೆಸಿಕೊಂಡು, ಎಕ್ಯೂಎಲ್ (ಮಾಲಿನಲ್ಲಿ ಎಷ್ಟು ದೋಷದವರೆಗೆ ಒಪ್ಪಬಹುದೆಂಬ ಅಳತೆ) 2.5ರ ಪಟ್ಟಿಯಂತೆ ಯಾವ ಮೂಟೆಯಿಂದಾದರೂ 80 ಪೀಸು ಎತ್ತಿಕೊಡಲು ಹೇಳಿದರು. ಅದರಲ್ಲಿ ದೋಷವಿರುವವು 5ರವರೆಗೆ ಇದ್ದರೆ ಮಾಲು ಪಾಸು, 6 ಸಿಕ್ಕರೆ ಇಡೀ ಮಾಲು ವಾಪಸು. ಚೆಕಿಂಗ್ ಮೇಜಿನಲ್ಲಿದ್ದ ಅಕ್ಕ ಪ್ರತಿ ಕುರ್ತಾವನ್ನೂ ಒಳಮೈ ತಿರುವಿ, ಕಂಕುಳಿನ ಹೊಲಿಗೆಯನ್ನು ಹೆಬ್ಬೆರಳುಗಳಿಂದ ಎಳೆದು ಬೆಳಕಿಗೆ ಹಿಡಿದು, ಹೊಲಿಗೆ ಬಿಟ್ಟ ಕಡೆಯೆಲ್ಲ ಕೆಂಪು ಬಾಣದ ಸ್ಟಿಕರ್ ಅಂಟಿಸಿದರು. ಏಳು ಸಿಕ್ಕವು. ಅವರು ವಾದಿಸದೆ ಎಲ್ಲ 600ನ್ನೂ ಮತ್ತೆ ನೋಡಿ, ಸರಿಪಡಿಸಿ, ನಾಲ್ಕು ದಿನ ತಡವಾಗಿ ಕೊಟ್ಟರು. ನಾನೊಬ್ಬಳೇ ನೋಡಿಕೊಳ್ಳುತ್ತಿದ್ದಾಗ ಆ ಏಳೂ ಗಿರಾಕಿಗಳ ಕೈಗೇ ಹೋಗುತ್ತಿದ್ದವು.

ಈರೋಡಿನಿಂದ ಬರುವ, 50,000 ರೂಪಾಯಿ ಮೀರಿದ ಮಾಲಿಗೆ ಬೇಕಾದ ಇ-ವೇ ಬಿಲ್ (ಮಾಲು ಸಾಗಣೆಯ ಜಿಎಸ್‌ಟಿ ದಾಖಲೆ) ಮುಂತಾದ ಕಾಗದಪತ್ರಗಳಲ್ಲಿ ಈವರೆಗೆ ಒಂದು ತಪ್ಪನ್ನೂ ಕಂಡಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಈ ಮಾತು ಹೇಳಲಾರೆ. ಯುಗಾದಿಗೆಂದು ಮಾಡಿಸಿದ ಮಾವಿನೆಲೆ ಹಸಿರಿನ ಕುರ್ತಾಗಳಿಗೆ ಮೈ ಒಂದು ಥಾನಿನದು, ತೋಳು ಇನ್ನೊಂದರದು. ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಹಸಿರು, ಬಾಗಿಲ ಬಿಸಿಲಿಗೆ ತಂದೊಡನೆ ಎರಡಾಗಿ ಕಂಡಿತು. ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆಯಲ್ಲಿ ಶೇಡ್ ಬದಲಾಗುವುದು ಸಹಜವಾದ್ದರಿಂದಲೇ, ಪ್ರತಿ ಥಾನಿಗೂ ಲಾಟ್ ಸಂಖ್ಯೆ (ಯಾವ ಸಲ ಬಣ್ಣ ಹಾಕಿದ್ದೆಂಬ ಗುರುತು) ಬರೆದು, ಒಂದು ಉಡುಪಿನ ಎಲ್ಲ ಭಾಗಗಳನ್ನೂ ಅದೇ ಥಾನಿನಿಂದ ಕತ್ತರಿಸಿ, ಕಟ್ಟುಗಳಿಗೆ ಸಂಖ್ಯೆ ಹಾಕುವ ಪದ್ಧತಿ ಇರುವುದು. ಅವರ ಸಾಫ್ಟ್‌ವೇರ್ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಷ್ಟೇ ದಾಖಲಿಸುತ್ತದೆ. ಯಾವ ಮೀಟರ್ ಯಾವ ಥಾನಿನದೆಂದು ಅದಕ್ಕೆ ತಿಳಿಯದು. ಹಣವನ್ನೇನೋ ಹಿಂದಿರುಗಿಸಿದರು, ಆದರೆ ಹಬ್ಬದ ವ್ಯಾಪಾರ ಕೈತಪ್ಪಿತು.

ಆದರೂ ಕರಾರನ್ನು ಮುಂದುವರಿಸಿದ್ದೇನೆ. ಇನ್ನು ಮುಂದೆ ಕಟಿಂಗ್‌ಗೆ ಹೋಗುವ ಪ್ರತಿ ಚಲನ್ನಿನಲ್ಲೂ ಲಾಟ್ ಸಂಖ್ಯೆ ಇರಬೇಕೆಂದು ಬರೆದುಕೊಟ್ಟಿದ್ದೇನೆ, ಅವರು ಸಹಿ ಹಾಕಿದ್ದಾರೆ. 200 ಪೀಸಿಗಿಂತ ಕಡಿಮೆ ಕೆಲಸವನ್ನು ಅವರು ಒಪ್ಪುವುದಿಲ್ಲವಾದ್ದರಿಂದ, ಈಗಷ್ಟೇ ಮಳಿಗೆ ತೆರೆದವರಿಗೆ ಈ ಸೇವೆ ಹೊಂದುವುದಿಲ್ಲ.