‘ಪ್ರೈಮಿಂಗ್ ಮಾಡಿದ’ ಒಣ ಮುರುಗಲು ಬೀಜ ತಗೋಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮುರುಗಲು (ಕೋಕಂ, ಪುನರ್ಪುಳಿ) ಗಿಡ ಎಬ್ಬಿಸಬೇಕು ಅಂತಿರುವವರು ಒಮ್ಮೆ ಇದನ್ನು ಓದಿ. ಪ್ಯಾಕೆಟ್‌ನಲ್ಲಿ ಬರುವ ಒಣ ಬೀಜಕ್ಕೆ ದುಡ್ಡು ಹಾಕಬೇಡಿ.

ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟ ಅಲ್ಲಲ್ಲಿ ಬೋಳಾಗಿದೆ. ಅಲ್ಲಿ ಮುರುಗಲು ಹಾಕೋಣ ಎಂದು ಹೋದ ವರ್ಷ ಮಳೆ ಹಿಡಿಯುವ ಮುಂಚೆ ಮೊಬೈಲ್ ಜಾಹೀರಾತು ನೋಡಿ ಬೀಜ ತರಿಸಿದೆವು. ‘ಪ್ರೈಮಿಂಗ್ ಮಾಡಿದ ಬೀಜ, ವರ್ಷ ಇಟ್ಟರೂ ಹುಟ್ಟುತ್ತದೆ’ ಎಂದು ಪ್ಯಾಕೆಟ್ ಮೇಲೆಯೇ ಇತ್ತು. ಪ್ರೈಮಿಂಗ್ ಅಂದರೆ ಬೀಜ ನೆನೆಸಿ, ಮೊಳಕೆ ಒಡೆಯುವ ಮುಂಚೆ ಮತ್ತೆ ಒಣಗಿಸುವುದು. ಅವರು ಹೇಳಿದ ಹಾಗೆ ರಾತ್ರಿಯಿಡೀ ನೆನೆಸಿ, ಮಣ್ಣು ಗೊಬ್ಬರ ತುಂಬಿದ ತೊಟ್ಟೆಗಳಿಗೆ ಹಾಕಿದೆವು. ಶ್ರಾವಣ ಕಳೆದರೂ ಒಂದೂ ಹುಟ್ಟಲಿಲ್ಲ.

ಪ್ಯಾಕೆಟ್‌ನಲ್ಲಿ ಉಳಿದಿದ್ದ ಬೀಜವನ್ನು ಅತ್ತೆ ಅಡಕತ್ತರಿಯಲ್ಲಿ ಸೀಳಿದರು. ಒಳಗೆಲ್ಲ ಕಂದು ಬಣ್ಣ. ಉಗುರು ಊರಿದರೆ ಇಳಿಯುವುದೇ ಇಲ್ಲ. “ಇದು ತುಪ್ಪ ತೆಗೆಯೋಕೆ ಒಣಗಿಸಿದ ಬೀಜ ಕಣೇ, ಬಿತ್ತೋಕಲ್ಲ” ಎಂದರು.

ಮುರುಗಲು ತುಪ್ಪ ಅಂದರೆ ಬೀಜದಿಂದ ತೆಗೆಯುವ ಗಟ್ಟಿ ಎಣ್ಣೆ; ಅದಕ್ಕೆ ಬೀಜ ಬಿಸಿಲಲ್ಲಿ ಚೆನ್ನಾಗಿ ಒಣಗಲೇಬೇಕು. ಬಿತ್ತನೆಗೆ ಅದೇ ಕೇಡು. ಹಲಸು, ಮಾವು, ಉಪ್ಪಾಗೆ (ಮುರುಗಲಿನ ಹತ್ತಿರದ ಹುಳಿ ಹಣ್ಣಿನ ಮರ), ಮುರುಗಲು ಬೀಜಗಳಿಗೆಲ್ಲ ಹಸಿ ಇದ್ದಷ್ಟು ದಿನವೇ ಜೀವ. ತೇವ ಆರಿ ಒಳಗಿನ ಮೊಳಕೆ ಸತ್ತ ಮೇಲೆ ಎಷ್ಟು ನೆನೆಸಿದರೂ ಹುಟ್ಟುವುದಿಲ್ಲ. ಭತ್ತಕ್ಕೆ, ತರಕಾರಿ ಬೀಜಕ್ಕೆ ಪ್ರೈಮಿಂಗ್ ನಡೆಯುತ್ತದೆ. ಮುರುಗಲನ್ನು ಹಾಗೆ ಒಣಗಿಸಿದರೆ ಅಲ್ಲಿಗೇ ಮುಗಿಯಿತು. ಫ್ರಿಜ್‌ನಲ್ಲಿ ಇಡುವುದೂ ಬೇಡ, ಈ ಬೀಜಗಳಿಗೆ ಆ ಥಂಡಿ ಆಗಿಬರುವುದಿಲ್ಲ.

ಇನ್ನೊಂದು ಮಾತು. ‘ಎಲ್ಲವೂ ಹಣ್ಣು ಬಿಡುವ ಗಿಡ’ ಎಂದೂ ಅವರು ಹೇಳಿದ್ದರು. ಇದು ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಮುರುಗಲಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡೇ ಆಗುತ್ತವೆ. ಹೂ ಬಿಡುವವರೆಗೆ ಯಾವುದು ಏನೆಂದು ತಿಳಿಯುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಬೀಜ ನೋಡಿ ಹಾಗೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಹಣ್ಣೇ ಮುಖ್ಯ ಅಂದರೆ ಹೆಣ್ಣು ಮರದ ಕಡ್ಡಿ ಕಟ್ಟಿದ ಕಸಿ ಗಿಡ ತನ್ನಿ.

ಬೀಜವೇ ಬೇಕಿದ್ದರೆ ಏಪ್ರಿಲ್, ಮೇ ಹೊತ್ತಿಗೆ ಚೆನ್ನಾಗಿ ಹಣ್ಣು ಬಿಡುವ ಮರದ ಬುಡಕ್ಕೇ ಹೋಗಿ. ಪೂರ್ತಿ ಕೆಂಪಾದ ಹಣ್ಣು ಆರಿಸಿ. ತಿರುಳು ಹೋಗುವಂತೆ ಬೀಜ ಉಜ್ಜಿ ತೊಳೆದು, ಮೇಲಿನ ನೀರು ಆರುವಷ್ಟು ಹೊತ್ತು ನೆರಳಲ್ಲಿ ಹರಡಿ, ತಡ ಮಾಡದೆ ಬಿತ್ತಿ. ಕೆಲವು ದಿನ ಇಡಲೇಬೇಕಾದರೆ ಸ್ವಲ್ಪ ಹಸಿ ಇರುವ ಮರಳಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಹಾಕಿ, ಗಾಳಿಯಾಡುವ ಹಾಗೆ ಇಡಿ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಅದರ ಬೀಜ ಹುಟ್ಟೋಕೆ ತಿಂಗಳುಗಟ್ಟಲೆ ಬೇಕು, ಹಾಗಾಗಿ ಸತ್ತಿದೆ ಎಂದು ಬೇಗ ಎಸೆಯಬೇಡಿ. ಮೇಲಿನ ಗಟ್ಟಿ ಸಿಪ್ಪೆಯನ್ನು ಒಳಗೆ ಗಾಯವಾಗದಂತೆ ಬಿಡಿಸಿ ಬಿತ್ತಿದರೆ ಬೇಗ ಹುಟ್ಟುತ್ತದೆ.

ಈಗಾಗಲೇ ಪ್ಯಾಕೆಟ್ ತರಿಸಿದ್ದೀರಾ? ತೊಟ್ಟೆ ತುಂಬುವ ಮುಂಚೆ ಒಂದೆರಡು ಬೀಜ ಸೀಳಿ ಫೋಟೊ ತೆಗೆಯಿರಿ, ಬಿಲ್ ಎಸೆಯಬೇಡಿ. ನಮಗೆ ಮಾರಿದವರು ಈಗ ಫೋನ್ ಎತ್ತುತ್ತಿಲ್ಲ. ನಿಮಗೂ ಹಾಗಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.