ಸ್ತನ ಕ್ಯಾನ್ಸರ್ ಆಪರೇಷನ್: ವಾರ್ಡಿನ ಆರೈಕೆ ಹೇಗಿತ್ತು

ಆಯಿಯ (ನನ್ನ ಅಮ್ಮನ) ಎಡ ಸ್ತನದ ಆಪರೇಷನ್ ಆಗಿದ್ದು ನಮ್ಮ ಕರಾವಳಿಯ ಒಂದು ಆಸ್ಪತ್ರೆಯಲ್ಲಿ. ಹೊಗಳಿಕೆಯ ಜೊತೆ ದೂರೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಸರ್ಜನ್ನರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ನಾನು ಬರೆಯುತ್ತಿರುವುದು ರೋಗಿಗೆ ಏನು ಬೇಕೆಂದು ವಾರ್ಡಿನವರು ಹೇಗೆ ವಿಚಾರಿಸಿಕೊಂಡರು ಎಂಬುದರ ಬಗ್ಗೆ.

ಅಡ್ಮಿಟ್ ಆದ ಸಂಜೆಯೇ ಒಬ್ಬ ಸಿಸ್ಟರ್ ಫಾರ್ಮ್ ಹಿಡಿದು ಬಂದು, ಸ್ಟೂಲ್ ಎಳೆದುಕೊಂಡು ಕೂತರು. ಶುಗರ್, ಬಿಪಿ, ಅಲರ್ಜಿ ಎಲ್ಲ ಕಡೆ ಕೇಳುವಂಥದ್ದೇ. ಆಮೇಲೆ ಕೇಳಿದ್ದು ನನಗೆ ತುಂಬ ಹಿಡಿಸಿತು. ‘ಅಮ್ಮಾ, ನೀರು ಬಾವಿಯಿಂದ ಸೇದ್ತೀರಾ, ಪಂಪ್ ಇದೆಯಾ? ಹಾಲು ಕರೆಯೋದು ಯಾರು? ಮನೆಗೆ ಯಾವ ದಾರಿ?’ ಶಿರಸಿ ಕಡೆ, ದೇವಿಮನೆ ಘಟ್ಟ ಹತ್ತಬೇಕು ಎಂದೆ. ಅದನ್ನೂ ಬರೆದುಕೊಂಡರು.

ಡಿಸ್ಚಾರ್ಜ್ ದಿನ ಅದೆಲ್ಲ ಉಪಯೋಗಕ್ಕೆ ಬಂತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರೆ ಆ ಕೈಗೆ ಮುಂದೆಂದಾದರೂ ಬಾವು ಬರುವ ಅಪಾಯ ಇರುತ್ತದೆ. ಬರೀ ‘ಜಾಗ್ರತೆ’ ಎಂದು ಕಳಿಸಲಿಲ್ಲ. ಸದ್ಯ ಕೊಡಪಾನ ಎತ್ತಬೇಡಿ, ಅಡಿಕೆ ಸುಲಿಯುವಾಗ ಕೈಗೆ ಗಾಯ ಮಾಡಿಕೊಳ್ಳಬೇಡಿ, ಬಿಪಿ ಇನ್ನೊಂದು ಕೈಯಲ್ಲೇ ನೋಡಿಸಿ ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಡ್ರೈನ್, ಅಂದರೆ ಗಾಯದೊಳಗಿನ ದ್ರವ ಹೊರಗಿನ ಬಲ್ಬಿಗೆ ಹರಿದುಬರಲು ಹಾಕಿದ ನಳಿಗೆ, ಇನ್ನೂ ಇತ್ತು. ಇಪ್ಪತ್ನಾಲ್ಕು ಗಂಟೆಯಲ್ಲಿ ಬರುವ ದ್ರವ ಸುಮಾರು 30 ಎಂ.ಎಲ್.ಗಿಂತ ಕಡಿಮೆಯಾಗುವವರೆಗೆ ಸಾಮಾನ್ಯವಾಗಿ ಅದನ್ನು ತೆಗೆಯುವುದಿಲ್ಲವಂತೆ. ನನ್ನ ಕೈಯಲ್ಲೇ ಖಾಲಿ ಮಾಡಿಸಿ, ಅಳತೆ ಓದಿಸಿ, ಬಲ್ಬ್ ಹಿಸುಕಿ ಗಾಳಿ ತೆಗೆದು ಮುಚ್ಚಳ ಹಾಕಿಸಿ ನೋಡಿದರು. ಘಟ್ಟದ ತಿರುವುಗಳಲ್ಲಿ ನಳಿಗೆ ಜಗ್ಗದಿರಲಿ ಎಂದು ಬಲ್ಬನ್ನು ನೈಟಿಗೆ ಪಿನ್ ಮಾಡಿ, ತೋಳಿನಡಿ ಸಣ್ಣ ದಿಂಬು ಇಟ್ಟರು.

ಆದರೆ ಇಷ್ಟು ಚೆಂದದ ವಿಚಾರಣೆ ಆದದ್ದು ಆಪರೇಷನ್ನಿಗೆ ಮೊದಲು, ಒಂದೇ ಸಲ. ಆಮೇಲೆ ಪ್ರತಿ ಪಾಳಿಯಲ್ಲೂ ನೋವು ಸೊನ್ನೆಯಿಂದ 10ರಲ್ಲಿ ಎಷ್ಟು ಎಂದು ಕೇಳಿದರು, ಅಷ್ಟೇ. ಮನಸ್ಸಿನ ಸಂಕಟವನ್ನೂ ಹಾಗೇ ಸೊನ್ನೆಯಿಂದ 10ರವರೆಗೆ ಕೇಳಿ, 4 ಅಥವಾ ಹೆಚ್ಚು ಬಂದರೆ ಮುಂದೆ ವಿಚಾರಿಸುವ ಕ್ರಮ ಕ್ಯಾನ್ಸರ್ ಆರೈಕೆಯಲ್ಲಿದೆ. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಡ್ರೆಸ್ಸಿಂಗ್ ಬಿಚ್ಚಿದಾಗೆಲ್ಲ ಆಯಿ ಗೋಡೆ ಕಡೆ ಮುಖ ಮಾಡುತ್ತಿದ್ದಳು. ರೌಂಡ್ಸಿನಲ್ಲಿ, ಪಕ್ಕದ ಬೆಡ್ಡಿನವರ ಯಜಮಾನರೂ ನಿಂತಿರುವಾಗ, ‘ಏನಾದ್ರೂ ತೊಂದರೆ ಇದೆಯಾ’ ಎಂದು ಕೇಳಿದರೆ ‘ಎಂತದೂ ಇಲ್ಲೆ, ಆರಾಮಿದ್ದಿ’ ಎನ್ನದೆ ಇನ್ನೇನು ಹೇಳಿಯಾಳು? ರಾತ್ರಿ ನನ್ನ ಹತ್ತಿರ ಕೇಳಿದ್ದೇ ಬೇರೆ: ಬ್ಲೌಸ್ ಹೇಗೆ ಹಾಕುವುದು, ಮದುವೆಮನೆಯಲ್ಲಿ ನೋಡಿದವರಿಗೆ ಗೊತ್ತಾಗುತ್ತದಾ, ಇದು ನಿನಗೂ ಬರುತ್ತದಾ. ಬ್ರಾದೊಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಸಿಗುತ್ತದೆ ಎಂದು ನಮಗೆ ಹೇಳಿದ್ದು ಎದುರು ಬೆಡ್ಡಿನ ಅಂಕೋಲೆಯ ಅಕ್ಕ. ಅದನ್ನು ಸಿಸ್ಟರೇ ಹೇಳಬೇಕಿತ್ತು.

ಊಟದ ಗಂಜಿ, ಸ್ವಚ್ಛತೆ ಎಲ್ಲ ಚೆನ್ನಾಗಿತ್ತು. ಆಯುಷ್ಮಾನ್ ಕೌಂಟರಿನವರೂ ಸತಾಯಿಸಲಿಲ್ಲ.

ನಿಮ್ಮ ಮನೆಯವರು ಇಂಥ ವಾರ್ಡಿನಲ್ಲಿದ್ದರೆ, ಆಪರೇಷನ್ ಆದ ಮೇಲೆ ಒಮ್ಮೆ ಪರದೆ ಎಳೆದು, ಗಂಡಸರನ್ನೆಲ್ಲ ಹೊರಗೆ ಕಳಿಸಿ, ಹತ್ತು ನಿಮಿಷ ಕೂತು ಮಾತಾಡಿ ಎಂದು ಸಿಸ್ಟರನ್ನು ನೀವೇ ಕೇಳಿ. ಗೋಡೆಯ ಮೇಲೆ ಬೆರಳು ಹತ್ತಿಸುವ ಕೈ ವ್ಯಾಯಾಮವನ್ನು ಡಿಸ್ಚಾರ್ಜಿಗೆ ಮೊದಲು ಮಾಡಿಸಿ ತೋರಿಸಿ ಎನ್ನಿ. ನಮಗೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು, ಆಯಿಗೆ ಅದನ್ನು ಓದಲು ಬರುವುದಿಲ್ಲ.